ಗಾಳಿ ನಿಂತ ತೊಟ್ಟಿ

ಹುಲಗೇಶನದು ಎದೆಯುಬ್ಬಿಸಿ ಹೇಳಿಕೊಳ್ಳುವ ಕೆಲಸವೇನಲ್ಲ. ಶಂಶಾಬಾದ್ ಕಡೆಯ ಅಪಾರ್ಟ್‌ಮೆಂಟೊಂದರಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಅವನ ಸುಪರ್ದಿಗಿತ್ತು. ಬ್ಲೋವರ್ ಯಂತ್ರ ಹಗಲಿರುಳು ತೊಟ್ಟಿಗೆ ಗಾಳಿ ಊದಬೇಕು. ಆ ಗಾಳಿಯಿಂದ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನೆಲ್ಲ ತಿಂದುಹಾಕುತ್ತವೆ. ಲಿಂಗಸುಗೂರಿನಿಂದ ಗಾರೆ ಕೆಲಸಕ್ಕೆಂದು ಬಂದವನು ಇವುಗಳ ಮೇಲೆ ಎಂಥ ಅಕ್ಕರೆ ಇಟ್ಟನೆಂದರೆ, ಹೆಂಡತಿ ಯಂಕಮ್ಮ "ನಿಮ್ಮ ಹುಳಾ ಉಂಡ್ವೇನ್ರಿ?" ಎಂದು ಕೆಣಕುತ್ತಿದ್ದಳು.

ನೆಲಮಹಡಿಯ ಚಿತ್ರಾ ಮೈಸೂರಿನವಳು, ಜೀವಕೋಶಗಳ ಸಂಶೋಧಕಿ. ಒಂದು ಭಾನುವಾರ ಕನ್ನಡ ಶಾಲೆಯ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಬೇಕಿತ್ತು.

"ಈ ಸದ್ದಲ್ಲಿ ಪಾಠ ಕೇಳಿಸಲ್ಲ, ಒಂದು ಗಂಟೆ ಬ್ಲೋವರ್ ನಿಲ್ಲಿಸ್ತೀರಾ? ನೀವೂ ಬಂದು ಕೂತ್ಕೊಳ್ಳಿ" ಎಂದಳು.

ಹುಲಗೇಶ ಬಂದು ಕೂತ. ಭೂಮಿಯಲ್ಲಿ ಮೊದಲು ಆಮ್ಲಜನಕ ಇರಲೇ ಇಲ್ಲವೆನ್ನುವಷ್ಟು ಕಡಿಮೆಯಿತ್ತಂತೆ. ಅದು ಹೆಚ್ಚಿದಾಗ ಅನೇಕ ಜೀವಿಗಳಿಗೆ ವಿಷವಾಯಿತಂತೆ.

"ಗಾಳೀನೇ ವಿಷ ಆತೇನ್ರಿ?" ಅವನಿಗೆ ತಡೆಯಲಾಗಲಿಲ್ಲ.

"ಹೌದು. ಕೆಲವು ಕೆಸರಲ್ಲಿ ಅಡಗಿದ್ವು. ಒಂದು ಕೋಶ ಮಾತ್ರ ಆಮ್ಲಜನಕ ಬಳಸಬಲ್ಲ ಪುಟ್ಟ ಜೀವಿಯನ್ನ ಒಳಗೆ ಸೇರಿಸ್ಕೊಳ್ತು. ಅದು ಅಲ್ಲೇ ಉಳೀತು, ಮನೆಯ ಒಲೆ ಥರ. ಆ ಶಕ್ತಿಯಿಂದ್ಲೇ ಸಂಕೀರ್ಣ ಕೋಶಗಳು ಬೆಳೆದ್ವು ಅಂತ ಹಲವರ ಅಂದಾಜು. ನಿಮ್ಮ ಮೈಯಲ್ಲೂ ಆ ಒಲೆ ಉರೀತಿದೆ."

ಹುಲಗೇಶ ಅಂಗೈ ತಿರುಗಿಸಿ ನೋಡಿಕೊಂಡ. ಅದೇ ಗುಂಗಿನಲ್ಲಿ ಮನೆಗೂ ಹೋದ. ಬ್ಲೋವರ್ ಮತ್ತೆ ಹಚ್ಚುವುದು ಮರೆತೇಹೋಯಿತು.

ಬೆಳಿಗ್ಗೆ ಗೇಟಿನವರೆಗೂ ನಾತ. ಅಪಾರ್ಟ್‌ಮೆಂಟ್ ಕಮಿಟಿಯ ಅಧ್ಯಕ್ಷ ಶಾಂತಪ್ಪ ಕೆಂಡವಾಗಿದ್ದ. "ಗುರುವಾರದೊಳಗ ಸರಿ ಆಗ್ಲಿಲ್ಲಂದ್ರ ಬೇರೆಯವನ್ನ ಇಟ್ಕೋತೀವಿ." ತಪ್ಪು ತನ್ನದೂ ಹೌದೆಂದು ಚಿತ್ರಾ ಹೇಳಿದ್ದನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹುಲಗೇಶ ಬ್ಲೋವರ್ ಹಚ್ಚಿದ. ಚಿತ್ರಾ ಸೂಕ್ಷ್ಮದರ್ಶಕ ತಂದು ತೊಟ್ಟಿಯ ಒಂದು ಹನಿ ತೋರಿಸಿದಳು. ಗಂಟೆಯಾಕಾರದ ಜೀವಿಗಳು ಮುದುಡಿ ಬಿದ್ದಿದ್ದವು.

"ಉಸಿರುಗಟ್ಟಿಸಿ ಕೊಂದ್ನಲ್ರಿ, ಮೇಡಂ" ಎಂದ ಹುಲಗೇಶ.

ಮೆಹದಿಪಟ್ಟಣಂನಲ್ಲಿ ಇಂಥದೇ ಘಟಕ ನೋಡಿಕೊಳ್ಳುವ ಹುಸೇನಪ್ಪನ ಬಳಿಗೆ ಓಡಿದ. ಅವನ ತೊಟ್ಟಿಯ ಜೀವಂತ ಕೆಸರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಟ್ರಾಲಿ ಆಟೊದಲ್ಲಿ ತಂದು, ಹಾಲಿಗೆ ಹೆಪ್ಪು ಹಾಕಿದಂತೆ ತನ್ನ ತೊಟ್ಟಿಗೆ ಸುರಿದ. ಆಮೇಲೆ ಕಾಯುವುದಷ್ಟೇ ಉಳಿದಿತ್ತು.

ಗುರುವಾರ ನಾತ ಬಹಳ ಮಟ್ಟಿಗೆ ಇಳಿದಿತ್ತು. ನಂಬದ ಶಾಂತಪ್ಪ ತಾನೇ ಬಂದು ಕೂತು ಸೂಕ್ಷ್ಮದರ್ಶಕದ ಮಸೂರಕ್ಕೆ ಕಣ್ಣಿಟ್ಟ. ಗಂಟೆಗಳು ಬಾಯಿ ತೆರೆದಿದ್ದವು, ಅಂಚಿನ ಸಣ್ಣ ರೋಮಗಳು ಸರಸರ ಆಡುತ್ತಿದ್ದವು. ಶಾಂತಪ್ಪ ಏಳಲೇ ಇಲ್ಲ.

"ನಾಳೆ ಬರ್ಲೇನ್ರಿ, ಸಾಹೇಬ್ರ?" ಹುಲಗೇಶ ಅಳುಕುತ್ತ ಕೇಳಿದ.

ಶಾಂತಪ್ಪ ಕಣ್ಣು ತೆಗೆಯದೆಯೇ ಗದರಿದ: "ನೀ ಬರ್ಲಿಲ್ಲಂದ್ರ ಇವನ್ನ ಯಾರು ನೋಡ್ಕೋತಾರೋ?"