ಸಾಕಮ್ಮಜ್ಜಿ ಮಣ್ಣು ಹಚ್ಚದ ಮುಖ

ಹೊಸಹಳ್ಳಿಯ ಸಾಕಮ್ಮಜ್ಜಿಯ ಬಲಗೈ ತೋರುಬೆರಳು ಉಗುರಿನ ಸಂದಿಯವರೆಗೂ ಕೆಂಪಗಿರುತ್ತಿತ್ತು. ಕೆಮ್ಮಣ್ಣಿನ ಬಣ್ಣ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲವಂತೆ. ಅವರದು ಕುಂಬಾರರ ಮನೆತನ. ಮಡಕೆ ಮಾಡುವುದು ಎಂದೋ ನಿಂತು, ಚಕ್ರವಿದ್ದ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದವು. ಆದರೂ ಸರ್ಪಸುತ್ತು ಆದವರು ಬೆಳಿಗ್ಗೆ ಬೆಳಿಗ್ಗೆಯೇ ಅವರ ಜಗಲಿಗೆ ಬರುವುದು ನಿಂತಿರಲಿಲ್ಲ. ಅಜ್ಜಿ ಮಣ್ಣು ಕಲಸಿ, ಸೊಂಟದ ಸುತ್ತ ಎದ್ದ ಗುಳ್ಳೆಗಳ ಅಂಚಿಗೆ ಗೆರೆ ಎಳೆಯುತ್ತಿದ್ದರು. ಹಾವಿನ ತಲೆ ಬಾಲ ಕೂಡಬಾರದೆಂಬ ನಂಬಿಕೆ. ಯಾರಾದರೂ ನರಳಿದರೆ, "ಮೆಲ್ಲಗ್ ಕೂಗಪ್ಪ, ಮೇಲ್ಗಡೆ ಬಾಡಿಗೆಯೋರು ಓಡೋಗ್ತಾರೆ" ಎನ್ನುತ್ತಿದ್ದರು.

ಮಣ್ಣಿಗೆ ವೈರಸ್ಸು ಸಾಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ವಿಜಯನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು! ಆದರೂ ಕಳೆದ ಬೇಸಿಗೆಯಲ್ಲಿ ಹಣೆಯ ಎಡಭಾಗ ಚುರುಗುಟ್ಟಿ, ಮರುದಿನ ಸಾಲಾಗಿ ಗುಳ್ಳೆ ಎದ್ದಾಗ ನೆಟ್ಟಗೆ ಅಜ್ಜಿಯ ಜಗಲಿಗೆ ಹೋದೆ. ಪರೀಕ್ಷೆಯ ಪೇಪರ್ ತಿದ್ದುವ ಗಡಿಬಿಡಿ, ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂರಲು ಪುರುಸೊತ್ತಿಲ್ಲ. ಬುದ್ಧಿಗೆ ಮಂಕು ಬಡಿದಿತ್ತು ಅಂತಲೇ ಇಟ್ಟುಕೊಳ್ಳಿ.

ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಎರಡು ಗುಳ್ಳೆ.

"ಇದ್ಯಾವಾಗ ಎದ್ದಿದ್ದು?"

"ಬೆಳಿಗ್ಗೆ, ಅಜ್ಜಿ. ಅದು ಬೆವರುಗುಳ್ಳೆ ಬಿಡಿ."

ಅಜ್ಜಿ ಮಣ್ಣಿನ ಬಟ್ಟಲನ್ನು ಹಿಂದಕ್ಕೆ ತಳ್ಳಿದರು. "ನಾನು ಹಚ್ಚಾಕಿಲ್ಲ, ಏಳು. ಮೂಗಿನ್ ತುದೀಗ್ ಬಂತು ಅಂದ್ರೆ ಕಣ್ಣಿಗೆ ಇಳೀತದೆ ಕಣವ್ವ. ಈಗಿಂದೀಗ್ಲೇ ಕಣ್ಣಾಸ್ಪತ್ರೆಗೆ ನಡಿ."

"ಒಂದ್ ಗೆರೆ ಎಳೀರಿ ಅಜ್ಜಿ, ನಾಳೆ ಹೋಗ್ತೀನಿ."

"ನಾಳೆ ಗೀಳೆ ಅನ್ಬೇಡ! ಟೀಚರಮ್ಮ ಅಂತೆ, ಹೇಳಿದ್ದು ತಲೆಗ್ ಹೋಗಾಕಿಲ್ವಾ?"

ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಆಟೋ ಹತ್ತಿಸಿದರು. "ಈಯಮ್ಮ ಮಧ್ಯದಾಗೆ ಇಳೀತೀನಿ ಅಂದ್ರೆ ಬಿಡ್ಬೇಡಪ್ಪ" ಎಂದು ಡ್ರೈವರಿಗೆ ಬೇರೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು. ಸೋಂಕು ಆಗಲೇ ಕರಿಗುಡ್ಡೆಯ ಅಂಚಿಗೆ ಬಂದಿತ್ತು. ತಡ ಮಾಡಿದ್ದರೆ ದೃಷ್ಟಿ ಹೋಗಬಹುದಿತ್ತು ಎಂದರು. "ಮೂಗು ನೋಡಿ ಕಳಿಸಿದ್ರಾ? ಯಾವ ಡಾಕ್ಟರು?" ಎಂದು ಕೇಳಿದರು. ನಾಚಿಕೆಯಾಗಿ "ಪರಿಚಯದವರು" ಎಂದೆ. ಮಾತ್ರೆ, ಮುಲಾಮು, ತಿಂಗಳುಗಟ್ಟಲೆ ಉರಿ. ಕಣ್ಣು ಉಳಿಯಿತು.

ಹಣ್ಣು ಹೂವು ಹಿಡಿದು ಹೋದಾಗ ಅಜ್ಜಿ ಮೊದಲ ಬಾರಿಗೆ ಒಳಗೆ ಕರೆದರು. ನಡುಮನೆಯಲ್ಲಿ ಇನ್ನೊಬ್ಬ ಮುದುಕಿ ಸೊಪ್ಪು ಬಿಡಿಸುತ್ತಿದ್ದರು. ಅವರ ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು.

"ನನ್ ತಂಗಿ, ನಂಜಮ್ಮ. ಇವಳಿಗೂ ಮೂಗಿನ್ ಮ್ಯಾಲೆ ಎದ್ದಿತ್ತು. ಆಸ್ಪತ್ರೆಗ್ ಹೋಗ್ತೀನಿ ಅಂದ್ಲು. ನಾನಿಲ್ವಾ ಅಂದೆ. ಮೂರ್ ದಿನ ನಾನೇ ಹಚ್ಚಿದೆ."

"ಬಿಡಕ್ಕ, ಎಷ್ಟ್ ಸಲ ಹೇಳ್ತೀಯ" ಎಂದರು ನಂಜಮ್ಮ, ತಲೆ ಎತ್ತದೆ.

ಅಜ್ಜಿಯನ್ನು ನಾನು ನೋಡಿದ್ದು ಅದೇ ಕೊನೆ. ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಗೊತ್ತಾಗಿ ಹೋದಾಗ ನಂಜಮ್ಮ ಒಬ್ಬರೇ ಕೂತಿದ್ದರು. ಎಡ ಮೊಣಕೈಯ ಚರ್ಮ ತರಚಿತ್ತು. ಏನಾಯಿತೆಂದು ಕೇಳಿದೆ.

"ಇಷ್ಟ್ ವರ್ಷ ಅಕ್ಕ ಈ ಪಕ್ಕಾನೇ ನಡೀತಿದ್ಲು ಕಣವ್ವ, ನಂಗೆ ಕಾಣದಿರೋ ಪಕ್ಕ" ಎಂದರು. "ಈಗ ಗೋಡೆ ತಗುಲ್ತದೆ."