ಜೋಳದ ರಾಶಿಗೆ ಒಡ್ಡಾದ ಪುಸ್ತಕಗಳು

ಅಂದು ಊರವರ ಮುಂದೆ ನಾನು ಒಂದು ನಿಜ ಹೇಳಬೇಕಿತ್ತು, ಹೇಳಲಿಲ್ಲ. ನಮ್ಮೂರ ಗ್ರಂಥಾಲಯದ ಪುಸ್ತಕಗಳನ್ನು ಕೊಳೆಸಿದವನು ನಾನು. ಕೆಟ್ಟ ಹೆಸರು ಹೊತ್ತವಳು ನನ್ನ ಅಕ್ಕ ಸುಜಾತಾ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಆದರೂ ಈ ಸಾಲುಗಳನ್ನು ಬರೆಯುತ್ತಿರುವಾಗ ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದಂತೆ...

ಮಸಗುಪ್ಪಿ ದಾಟಿದರೆ ನಮ್ಮೂರು. ಗ್ರಂಥಾಲಯವೆಂದರೆ ರಸ್ತೆಗೆ ಹತ್ತಿದ ಒಂದೇ ಕೋಣೆ. ಸೋರುವ ಮೂಲೆ, ಒಂದು ಉದ್ದ ಮೇಜು, ತುಕ್ಕು ಹಿಡಿದ ಕಪಾಟುಗಳು. ಅಕ್ಕ ಅದನ್ನು ನೋಡಿಕೊಳ್ಳುತ್ತಿದ್ದಳು. ಬರುವ ಗಂಡಸರಲ್ಲಿ ಓದುವವರು ಕಡಿಮೆ. ಮೇಜಿನ ಮೇಲೆ ಕಾಲು ಚಾಚುವವರು, ಮೊಬೈಲಿನಲ್ಲಿ ಜೋರಾಗಿ ಹಾಡು ಹಚ್ಚುವವರು, ಕಿಟಕಿಯಿಂದ ಉಗುಳುವವರು — ಅವರಲ್ಲಿ ನಾನೂ ಒಬ್ಬ. ಅಕ್ಕ ಎಲ್ಲರ ಚಪ್ಪಲಿ ಹೊರಗೇ ಬಿಡಿಸುತ್ತಿದ್ದಳು.

"ಇದೇನ ಗುಡಿ ಏನವಾ?" ಎಂದು ಓಣಿಯ ಹಿರಿಯರಾದ ಬಸಪ್ಪ ಕಾಕಾ ಕಾಡಿಸಿದರೆ, "ಚಪ್ಪಲಿ ಇರ್ಲಿ ಕಾಕಾ, ಮದಲ ಬಾಯಾಗಿನ ಗುಟ್ಕಾ ಹೊರಗ ಬಿಟ್ಟ ಬರ್ರಿ" ಎನ್ನುವಳು. ಅವರು ನಗುತ್ತಲೇ ಎದ್ದು ಹೋಗಿ ಬಾಯಿ ತೊಳೆದು ಬರುತ್ತಿದ್ದರು. ಊರಿನ ಹುಡುಗಿಯರು ಅಲ್ಲಿ ಧೈರ್ಯವಾಗಿ ಕೂತು ಓದಿದ್ದು ಅವಳ ಕಾಲದಲ್ಲಿಯೇ.

ಒಂದು ದೀಪಾವಳಿಯ ರಜೆಯಲ್ಲಿ ಅಕ್ಕ ಯಮಕನಮರಡಿಗೆ, ಚಿಕ್ಕಮ್ಮನ ಮಗಳ ಸೀಮಂತದ ಕುಬಸಕ್ಕೆ ಹೋಗಿದ್ದಳು. ನಾನು ಎಲ್ಲರಂತೆ ಡಾಂಬರು ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿದ್ದೆ. ಒಮ್ಮೆಲೇ ಮಳೆ ಬಂತು. ಎದುರಿಗೇ ಗ್ರಂಥಾಲಯ, ಕೀಲಿ ನಮ್ಮ ಮನೆಯಲ್ಲಿ. ಅರ್ಧ ತೊಯ್ದ ಜೋಳವನ್ನು ತಂದು ಒಳಗೆ ಸುರಿದೆ. ರಾಶಿ ಜರಿದು ಬಾಗಿಲಿನ ಕಡೆ ಬರತೊಡಗಿತು. ಅದನ್ನು ತಡೆಯಲು — ಬರೆಯಲು ಈಗಲೂ ಕೈ ಹಿಂಜರಿಯುತ್ತದೆ — ಕಪಾಟಿನ ಪುಸ್ತಕಗಳನ್ನು ತೆಗೆದು, ಹೊಲಕ್ಕೆ ಒಡ್ಡು ಹಾಕುವಂತೆ ಸುತ್ತಲೂ ಒಟ್ಟಿದೆ. ದಪ್ಪನೆಯವನ್ನೇ ಆರಿಸಿದೆ. ಪುಸ್ತಕವೆಂದರೆ ಆಗ ನನಗೆ ಅಷ್ಟೇ.

ಅಕ್ಕ ಬರುವ ಹಿಂದಿನ ದಿನ ಜೋಳವನ್ನು ಮನೆಗೆ ಸಾಗಿಸಿ, ಪುಸ್ತಕಗಳನ್ನು ಹಸಿಯಾಗಿಯೇ ಕಪಾಟಿಗೆ ತುರುಕಿದೆ. ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯಿತು, ಹಾಳೆಗಳು ಒಂದಕ್ಕೊಂದು ಅಂಟಿದವು, ಬಾಗಿಲು ತೆರೆದರೆ ನಾತ. ಜನ ಸೇರಿದರು. "ನಿಮ್ಮಕ್ಕ ಇಲ್ಲದಾಗ ಯಾರ ತಗದಿದ್ರೋ ಬಾಗಲಾ?" ಎಂದು ಬಸಪ್ಪ ಕಾಕಾ ನನ್ನನ್ನೇ ಕೇಳಿದರು. ಅಕ್ಕ ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳ ಅಂಗೈಯಲ್ಲಿ, ಯಾವುದೋ ಪುಸ್ತಕದ ನಡುವಿನಿಂದ ಉದುರಿದ ಜೋಳದ ಕಾಳುಗಳು. ಅವಳಿಗೆ ಎಲ್ಲ ತಿಳಿದಿತ್ತು.

"ಕೀಲಿ ಅಕ್ಕನ ಕಡೆ ಇರತೈತ್ರಿ. ನನಗೇನ ಗೊತ್ತು?" ಎಂದೆ.

ಅವಳು ಮುಷ್ಟಿ ಮುಚ್ಚಿದಳು. ಕೀಲಿ ಇದ್ದವಳದೇ ತಪ್ಪೆಂದು ಕೆಲಸದಿಂದ ಅವಳನ್ನು ಬಿಡಿಸಿದರು.

ಆಮೇಲೆ ಆ ಕೀಲಿ ಯಾರ ಯಾರ ಕೈಗೋ ಹೋಯಿತು. ಮೇಜಿನ ಮೇಲೆ ಇಸ್ಪೀಟು ಬಿತ್ತು, ಗೋಡೆಯ ಮೂಲೆಗಳು ಕೆಂಪಾದವು, ಹುಡುಗಿಯರು ಬರುವುದು ನಿಂತಿತು. ಅಕ್ಕ ಮನೆಯಲ್ಲಿ ಹೊಲಿಗೆ ಹಿಡಿದಳು. ಇಷ್ಟು ವರ್ಷ ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಬೈದಿದ್ದರೆ — ಬೈದಿದ್ದರೆ ನಾನು ಬೇಗ ಒಪ್ಪಿಕೊಳ್ಳುತ್ತಿದ್ದೆನೇ? ಗೊತ್ತಿಲ್ಲ.

ಈಚೆಗೆ, ಗ್ರಂಥಾಲಯವನ್ನು ಸರಿಮಾಡಿ ಯಾರಿಗಾದರೂ ವಹಿಸೋಣವೆಂದು ಅಲ್ಲಿಯೇ ಸಭೆ ಕರೆದರು. ಹೆಣ್ಣುಮಕ್ಕಳು ಅಕ್ಕನ ಹೆಸರು ಹೇಳಿದರು.

"ಅಕಿ ಕೈಯಾಗ ಕೊಟ್ರ ಮತ್ತ ಕೊಳಸ್ತಾಳ ನೋಡ್ರಿ" ಎಂದರು ಹಿಂದಿನಿಂದ ಯಾರೋ.

ಅಕ್ಕ ಸೆರಗು ಸರಿಮಾಡಿಕೊಂಡು ಹೊರಡಲು ಎದ್ದಳು. ನಾನೂ ಎದ್ದೆ. ಮಳೆ, ಜೋಳ, ಒಡ್ಡು, ಸುಳ್ಳು — ಎಲ್ಲ ಹೇಳಿದೆ.

"ಇಷ್ಟ ವರ್ಷ ಬಾಯಾಗ ಜ್ವಾಳಾ ತುಂಬ್ಕೊಂಡ ಕುಂತಿದ್ದೇನೋ ಮಗನ?" ಎಂದರು ಬಸಪ್ಪ ಕಾಕಾ. ಜನ ನಕ್ಕರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ, ಎಷ್ಟೋ ಕಾಲದ ಮೇಲೆ ಎದೆ ತುಂಬ ಉಸಿರು ಎಳೆದೆ.

ಅಕ್ಕ ನಗಲಿಲ್ಲ. ಬಾಗಿಲ ಹತ್ತಿರ ಹಾಗೆಯೇ ನಿಂತಿದ್ದಳು. ಆಗ ತಿಳಿಯಿತು — ನಾನು ಊರಿಗೆ ಹೇಳಿದ್ದೆ, ಅವಳಿಗೆ ಇನ್ನೂ ಹೇಳಿರಲಿಲ್ಲ. ಅವಳ ಕಡೆ ತಿರುಗಿದೆ.

"ಅಕ್ಕಾ, ಪುಸ್ತಕ ಕೊಳಸಿದಾಂವ ನಾನು. ನಿನ್ನ ಹೆಸರ ಕೆಡಿಸಿದಾಂವನೂ ನಾನು. ತಪ್ಪಾತು. ಇದನ್ನ ಹೇಳಾಕ ಇಷ್ಟ ತಡಾ ಮಾಡಿದ್ದೂ ನಂದ ತಪ್ಪ. ನನ್ನ ಕ್ಷಮಿಸು."