ಟೀವಿ ಎಮ್ಮೆಲ್ಲೆಗೊಂದು ಲಗ್ನಪತ್ರಿಕೆ

ಟೀವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ನಾನು ಎಮ್ಮೆಲ್ಲೆ. ಮಳವಳ್ಳಿಯ ಬಾಡಿಗೆ ಮನೆಯೊಂದಕ್ಕೆ 'ಶಾಸಕರ ಕಚೇರಿ' ಅಂತ ಬೋರ್ಡು ಹಾಕಿ ಶೂಟಿಂಗ್ ಮಾಡುತ್ತಿದ್ದೆವು. ಆವತ್ತು "ನೋಡೋಣ, ಮಾಡ್ಸೋಣ" ಅನ್ನುವ ಎರಡೇ ಪದಕ್ಕೆ ನಾನು ಏಳು ಟೇಕ್ ತಗೊಂಡೆ. "ಸ್ವಲ್ಪ ನಂಬೋ ಹಾಗೆ ಹೇಳ್ರೀ," ಅಂತ ನಿರ್ದೇಶಕರು ರೇಗಿದರು.

ಅಷ್ಟರಲ್ಲಿ ಕೊಕ್ಕರೆ ಬೆಳ್ಳೂರು ಕಡೆಯ ಯಜಮಾನರೊಬ್ಬರು ಸೀದಾ ಒಳಗೆ ಬಂದು, ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ನನ್ನ ಕೈಗಿಟ್ಟರು.

"ಯಜಮಾನ್ರೇ, ನಾನು ನಿಜವಾದ ಎಮ್ಮೆಲ್ಲೆ ಅಲ್ಲ. ಇದು ಶೂಟಿಂಗು," ಅಂದೆ.

"ಗೊತ್ತು ಕಣಪ್ಪ, ದಿನಾ ನೋಡ್ತೀನಲ್ಲ. ಮಗಳ ಮದ್ವೆಗೆ ಎಮ್ಮೆಲ್ಲೆ ಬತ್ತಾರೆ ಅಂತ ಬೀಗ್ರಿಗೆ ಯೋಳ್ಬುಟ್ಟಿವ್ನಿ. ನಿಜವಾದೋರು ಊರಲ್ಲಿರಾಕಿಲ್ವಂತೆ. ನೀನಾದ್ರೂ ಬಂದ್ಬುಡು, ಇದೇ ಬಟ್ಟೇಲಿ."

ಇಲ್ಲ ಅನ್ನೋಕಾಗಲಿಲ್ಲ. ಮದುವೆ ದಿನ ಶೂಟಿಂಗಿನ ಅದೇ ಬಿಳಿ ಪಂಚೆ ಉಟ್ಟು ಮದ್ದೂರಿನ ಛತ್ರಕ್ಕೆ ಹೋದೆ. ಬೀಗರು ಏನಂತಾರೋ ಅಂತ ಬಾಗಿಲಲ್ಲೇ ನಿಂತೆ. "ಅಯ್ಯೋ, ಟೀವಿ ಎಮ್ಮೆಲ್ಲೆ ಕಣ್ರಲಾ!" ಅಂತ ಮೊದಲು ಕೂಗಿದವರೇ ಬೀಗರು! ಧಾರೆ ಎರೆಯೋ ಹೊತ್ತಿಗೆ ಮದುಮಕ್ಕಳಿಗಿಂತ ನನ್ನ ಫೋಟೋಗಳೇ ಜಾಸ್ತಿಯಾಗಿದ್ದವು. ಯಜಮಾನರಂತೂ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

ಊಟ ಮುಗಿಸಿ ಹೊರಡುವಾಗ ಮದುಮಗಳ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಬೆಳಿಗ್ಗೆ ಹೊತ್ತು ನಮ್ಮೂರಿಗೊಂದು ಬಸ್ಸು ಬುಡಿಸ್ಕೊಡಪ್ಪ."

ನಾನು ಎಮ್ಮೆಲ್ಲೆ ಅಲ್ಲಜ್ಜಿ ಅನ್ನಬೇಕಿತ್ತು. ಬಾಯಿಂದ ಬಂದದ್ದು, "ನೋಡೋಣಜ್ಜಿ, ಮಾಡ್ಸೋಣ."

ಅಜ್ಜಿ ನಂಬಿಯೇಬಿಟ್ಟರು. ಒಂದೇ ಟೇಕು!